ಹೂಳು ತುಂಬಿದ ಬಂದರು: ಎಫೆಸ ಸಭೆಗೆ ಕರ್ತನು ಹೇಳಿದ್ದು

ಭಾನುವಾರದ ಆರಾಧನೆಯ ಸಂದೇಶ
ವಾಕ್ಯಭಾಗ: ಪ್ರಕಟನೆ 2:1–7, ಅಪೊಸ್ತಲರ ಕೃತ್ಯಗಳು 18–20

ಹಿಂದೆ ನಿಂತವರು ಮುಂದೆ ಬರ್ರಿ, ಕುರ್ಚಿ ಖಾಲಿ ಇದಾವ. ಪ್ರಕಟನೆ ಎರಡನೇ ಅಧ್ಯಾಯ ತೆಗೀರಿ, ಮೊದಲನೇ ವಚನದಿಂದ ಏಳರವರೆಗೆ. ಮೊಬೈಲ್‌ನಲ್ಲಿ ತೆಗೆಯುವವರು ಬೈಬಲ್ ಆ್ಯಪ್ ಒಂದೇ ತೆಗೀರಿ, ಇನ್‌ಸ್ಟಾ ಮಧ್ಯಾಹ್ನ ನೋಡಬಹುದು. ಎಲ್ಲರೂ ಓದಿದಿರಾ? ಸ್ತೋತ್ರ.

ಎಫೆಸದ ಹೆಸರು ನಮಗೆ ಚೆನ್ನಾಗಿ ಗೊತ್ತು. ಎಫೆಸದವರಿಗೆ ಬರೆದ ಪತ್ರಿಕೆಯಿಂದ ಸರ್ವಾಯುಧದ ಬಗ್ಗೆ ಭಾನುವಾರ ಶಾಲೆಯಲ್ಲೇ ಕಲಿತಿದ್ದೀರಿ, ರಟ್ಟಿನ ಗುರಾಣಿ ಹಿಡಿದು ಸ್ಟೇಜ್ ಮೇಲೆ ನಿಂತಿದ್ದೀರಿ. ಆದರೆ ಆ ಊರು ಈಗ ಎಲ್ಲಿದೆ, ಹೇಗಿದೆ ಅಂತ ಕೇಳಿದರೆ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಟರ್ಕಿ ದೇಶದ ಪಶ್ಚಿಮ ಭಾಗದಲ್ಲಿ ಸೆಲ್ಚುಕ್ ಅಂತ ಒಂದು ಸಣ್ಣ ಪಟ್ಟಣ ಇದೆ, ಅದರ ಪಕ್ಕದಲ್ಲೇ ಎಫೆಸದ ಪಾಳು. 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಏಳು ಸಭೆಗಳ ಯಾತ್ರೆ ಅಂತ ಟೂರ್‌ನವರು ಕರಕೊಂಡು ಹೋಗ್ತಾರೆ. ನನಗೂ ವಾಟ್ಸ್ಆ್ಯಪ್‌ನಲ್ಲಿ ಒಂದು ಬ್ರೋಷರ್ ಬಂದಿತ್ತು. ರೇಟ್ ನೋಡಿದೆ, ಸ್ತೋತ್ರ ಹೇಳಿದೆ, ಫೋನ್ ಜೇಬಿಗೆ ಹಾಕಿದೆ. ನಮ್ಮಂಥವರಿಗೆ ದೇವರು ಹಂಪಿ ಕೊಟ್ಟಿದ್ದಾನೆ. ಹುಬ್ಬಳ್ಳಿಯಿಂದ ನೂರೈವತ್ತು ಕಿಲೋಮೀಟರ್, ಟಿಟಿ ಬಾಡಿಗೆ, ಮನೆಯಿಂದ ಕಟ್ಟಿದ ರೊಟ್ಟಿ, ಶೇಂಗಾ ಚಟ್ನಿ. ಮುಗೀತು.

ಹೋದ ಶನಿವಾರ ನಮ್ಮ ಯೌವನಸ್ಥರು ಹದಿಮೂರು ಮಂದಿ ಮತ್ತು ನಾನು ಹೋಗಿ ಬಂದ್ವಿ. ಬೆಳಿಗ್ಗೆ ಐದಕ್ಕೆ ಬಿಟ್ಟು ರಾತ್ರಿ ಹನ್ನೊಂದರೊಳಗೆ ವಾಪಸ್. ಒಂದು ದಿನದಲ್ಲಿ ಹಂಪಿ ನೋಡುವುದು ಅಂದರೆ ಸತ್ಯವೇದವನ್ನು ಒಂದು ದಿನದಲ್ಲಿ ಓದಿದ ಹಾಗೆ. ಪುಟ ತಿರುವಬಹುದು, ಅಷ್ಟೇ. ವಿಠ್ಠಲ ದೇವಸ್ಥಾನದ ಹತ್ತಿರ ಕಲ್ಲಿನ ರಥದ ಮುಂದೆ ನಿಂತು ಎಲ್ಲರೂ ಐವತ್ತು ರೂಪಾಯಿ ನೋಟು ಹಿಡಿದು ಫೋಟೋ ತೆಗೆಸಿಕೊಂಡರು. ನಾನೂ ತೆಗೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಆದರೆ ನನ್ನ ಕಾಲು ನಿಂತದ್ದು ಅರಮನೆ ಇದ್ದ ಆವರಣದಲ್ಲಿ. ನೀವು ಹೋದಾಗ ಗಮನಿಸಿ: ಅಲ್ಲಿ ಅರಮನೆ ಇಲ್ಲ, ಅರಮನೆಯ ಕಟ್ಟೆ ಇದೆ. ಸೊಂಟದ ಎತ್ತರದ ಕಲ್ಲಿನ ಅಡಿಪಾಯ, ಅದರ ಸುತ್ತ ಆನೆ, ಕುದುರೆ, ಕುಣಿಯುವವರ ಕೆತ್ತನೆ. ಮೇಲಿನ ಭಾಗ ಮರದ್ದು, ಅದು ಸುಟ್ಟು ಹೋಯಿತು. 1520ರ ಹೊತ್ತಿಗೆ ಕೃಷ್ಣದೇವರಾಯನ ಕಾಲದಲ್ಲಿ ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್‌ನವ ಬಂದಿದ್ದ. ಅವನು ಗುಡ್ಡದ ಮೇಲಿಂದ ಈ ಊರನ್ನು ನೋಡಿ, ರೋಮ್ ನಗರದಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ಬರೆದಿಟ್ಟ. ಅದಾಗಿ ಐವತ್ತು ವರ್ಷವೂ ಆಗಿರಲಿಲ್ಲ. 1565ರ ಜನವರಿಯಲ್ಲಿ ರಕ್ಕಸತಂಗಡಿ ಯುದ್ಧ, ತಾಳಿಕೋಟೆ ಯುದ್ಧ ಅಂತ ಶಾಲೆಯಲ್ಲಿ ಓದಿದ್ದೀರಲ್ಲ, ಅದು ನಡೀತು. ಸೈನ್ಯ ಸೋತಿತು, ಊರು ಬರಿದಾಯಿತು, ತಿಂಗಳುಗಟ್ಟಲೆ ಲೂಟಿ. ಅಪ್ಪ ಕಂಡ ರಾಜಧಾನಿಯನ್ನು ಮಗ ಪಾಳಾಗಿ ಕಂಡ.

ಇಲ್ಲಿ ಒಂದು ಮಾತು ಹೇಳಲೇಬೇಕು, ಯಾಕಂದರೆ ಇದನ್ನು ಆನ್‌ಲೈನ್‌ನಲ್ಲಿ ಓದುವ ಬೇರೆ ಊರಿನ ತಮ್ಮಂದಿರೂ ಇದ್ದಾರೆ. ಅಲ್ಲಿ ನಮ್ಮ ಒಬ್ಬ ತಮ್ಮ ಮುರಿದ ಕಂಬಗಳ ಸಾಲು ನೋಡಿ ಉತ್ಸಾಹದಿಂದ ಓಡಿ ಬಂದ. "ಪಾಸ್ಟರ, ಇಲ್ಲೇ ನಿಂತ್ಕೊಂಡು ಒಂದು ವಚನ ಹೇಳ್ರಿ, ರೀಲ್ ಮಾಡ್ತೀನಿ. ಮಾರ್ಕ ಹದಿಮೂರರಾಗ ದೇವಾಲಯದ ಕಲ್ಲಿನ ಮಾತು ಐತೆಲ್ರಿ, ಅದನ್ನ ಹೇಳ್ರಿ. ಮಸ್ತ್ ಬರ್ತೈತಿ," ಅಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನು ಬೇಡ ಅಂದೆ.

ಯಾಕೆ ಬೇಡ? ಮಾರ್ಕ ಹದಿಮೂರನ್ನು ಗಮನವಿಟ್ಟು ಓದ್ರಿ. ಕಲ್ಲುಗಳು ಬೀಳುವವು ಅಂತ ಯೇಸು ಹೇಳಿದ್ದು ಯಾರ ದೇವಾಲಯದ ಬಗ್ಗೆ? ಯೆರೂಸಲೇಮಿನದು. ತನ್ನ ತಂದೆಯ ಮನೆ ಅಂತ ತಾನೇ ಕರೆದ ಆಲಯ. ಆ ಊರನ್ನು ನೋಡಿ ಆತನು ಅತ್ತನು ಅಂತ ಲೂಕ ಬರೆಯುತ್ತಾನೆ. ಬೇರೆಯವರ ಗುಡಿಯ ಮುಂದೆ ನಿಂತು ಬೆರಳು ತೋರಿಸಲು ಕೊಟ್ಟ ವಾಕ್ಯ ಅದಲ್ಲ. ಎರಡನೆಯದಾಗಿ, ಹಂಪಿ ಪೂರ್ತಿ ಪಾಳಲ್ಲ. ವಿರೂಪಾಕ್ಷ ಗುಡಿಯಲ್ಲಿ ಇವತ್ತೂ ಪೂಜೆ ನಡೀತದ, ನಾವು ಹೋದಾಗಲೂ ಜನ ತೆಂಗಿನಕಾಯಿ ಹಿಡಿದು ಸಾಲಿನಲ್ಲಿ ನಿಂತಿದ್ದರು. ನಮ್ಮ ನೆರೆಯವರು ಅವರು, ನಮ್ಮಲ್ಲಿ ಬಹಳ ಮಂದಿಯ ಅಜ್ಜ ಅಜ್ಜಿ, ಕಾಕಾ, ಅತ್ತಿ. 1565ರಲ್ಲಿ ಆ ಬೀದಿಯಲ್ಲಿ ಮನೆ ಕಳಕೊಂಡವರು ಮನುಷ್ಯರು. ಅದರ ಮೇಲೆ ರೀಲ್ ಮಾಡಿ ಹಿನ್ನೆಲೆಗೆ ಹಾಡು ಹಾಕುವುದು ನನಗೆ ಒಪ್ಪಿಗೆ ಆಗಲಿಲ್ಲ.

ಪೌಲನು ಎಫೆಸದಲ್ಲಿ ಹೇಗಿದ್ದ ನೋಡ್ರಿ. ಅಪೊಸ್ತಲರ ಕೃತ್ಯಗಳು ಹತ್ತೊಂಬತ್ತು. ಆ ಊರಿನ ಅರ್ತೆಮೀದೇವಿಯ ಗುಡಿ ಪ್ರಪಂಚದ ಏಳು ಅದ್ಭುತಗಳಲ್ಲಿ ಒಂದು. ಬೆಳ್ಳಿಯ ಸಣ್ಣ ಗುಡಿಗಳನ್ನು ಮಾಡಿ ಮಾರುವ ದೇಮೇತ್ರಿಯನಿಗೆ ವ್ಯಾಪಾರ ಕಡಿಮೆ ಆಯಿತು ಅಂತ ಸಿಟ್ಟು. ಅವನು ತನ್ನ ಕಸುಬಿನವರನ್ನು ಕೂಡಿಸಿದ, ಊರಲ್ಲಿ ಗದ್ದಲ ಎದ್ದಿತು. ಗಾಯ ಮತ್ತು ಅರಿಸ್ತಾರ್ಕ ಇಬ್ಬರನ್ನೂ ನಾಟಕಶಾಲೆಗೆ ಎಳಕೊಂಡು ಹೋದರು. ಆ ನಾಟಕಶಾಲೆ ಇವತ್ತಿಗೂ ಇದೆ, ಗುಡ್ಡದ ಇಳಿಜಾರಿನಲ್ಲಿ ಕಲ್ಲಿನ ಮೆಟ್ಟಿಲುಗಳು, ಸುಮಾರು ಇಪ್ಪತ್ತೈದು ಸಾವಿರ ಜನ ಕೂಡುವಷ್ಟು. ಎರಡು ತಾಸು ಜನ ಒಂದೇ ಘೋಷಣೆ ಕೂಗಿದರು. ಯಾಕೆ ಕೂಡಿದ್ದೇವೆ ಅಂತ ಹೆಚ್ಚು ಮಂದಿಗೆ ಗೊತ್ತೇ ಇರಲಿಲ್ಲ ಅಂತ ಲೂಕ ಬರೆಯುತ್ತಾನೆ. ಇದು ಬರೀ ಆ ಕಾಲದ ಮಾತಲ್ಲ, ಹೌದಲ್ರೀ?

ಕೊನೆಗೆ ಪಟ್ಟಣದ ಲೇಖಕ ಎದ್ದು ನಿಂತ. ಇವತ್ತಿನ ಲೆಕ್ಕದಲ್ಲಿ ಕಾರ್ಪೊರೇಷನ್ ಕಮಿಷನರ್ ಅನ್ನಿ. ಅವನು ವಿಶ್ವಾಸಿ ಅಲ್ಲ. ಅವನು ಕೊಟ್ಟ ಸಾಕ್ಷಿ ಏನು? ಈ ಮನುಷ್ಯರು ಗುಡಿಯನ್ನು ದೋಚಿದವರಲ್ಲ, ನಮ್ಮ ದೇವಿಯನ್ನು ಬಯ್ದವರೂ ಅಲ್ಲ ಅಂತ. ಮೂವತ್ತೇಳನೇ ವಚನ, ಗೆರೆ ಎಳಕೊಳ್ಳಿರಿ. ಎರಡು ವರ್ಷಕ್ಕಿಂತ ಹೆಚ್ಚು ಅಲ್ಲಿ ಸಾರಿದ ಮೇಲೆ ಪರರು ಕೊಟ್ಟ ಸರ್ಟಿಫಿಕೇಟ್ ಇದು. ಮಂತ್ರದ ಪುಸ್ತಕಗಳನ್ನು ಸುಟ್ಟ ಕಥೆ ಅದೇ ಅಧ್ಯಾಯದಲ್ಲಿದೆ ಪಾಸ್ಟರ ಅಂತ ಯಾರಾದರೂ ಕೇಳಬಹುದು. ಇದೆ. ಯಾರ ಪುಸ್ತಕ? ಅವರವರದೇ ಪುಸ್ತಕ, ಅವರೇ ಹೊತ್ತು ತಂದದ್ದು. ಬೆಲೆ ಐವತ್ತು ಸಾವಿರ ಬೆಳ್ಳಿ ನಾಣ್ಯ. ನೆರೆಮನೆಗೆ ನುಗ್ಗಿ ಒಂದು ಹಾಳೆಯನ್ನೂ ಅವರು ಮುಟ್ಟಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ಹಂಪಿ ಮುಗಿದದ್ದು ಯುದ್ಧದಿಂದ. ಎಫೆಸ ಹೇಗೆ ಮುಗೀತು? ಅಲ್ಲಿಯೂ ದಾಳಿ ಆಗಿದೆ, ಮೂರನೇ ಶತಮಾನದಲ್ಲಿ ಗೋಥರು ಬಂದು ಅರ್ತೆಮೀಯ ಗುಡಿಯನ್ನು ಹಾಳು ಮಾಡಿದರು, ಭೂಕಂಪಗಳೂ ಆದವು. ಅಷ್ಟಾದರೂ ಊರು ಮತ್ತೆ ಮತ್ತೆ ಎದ್ದಿತು. ಆ ಊರಿನ ಉಸಿರು ನಿಲ್ಲಿಸಿದ್ದು ಹೂಳು. ಎಫೆಸ ಒಂದು ಬಂದರು ಪಟ್ಟಣ. ಪಕ್ಕದಲ್ಲಿ ಕೈಸ್ಟರ್ ಅಂತ ಒಂದು ನದಿ. ಆ ನದಿ ಪ್ರತಿ ಮಳೆಗಾಲ ಸ್ವಲ್ಪ ಸ್ವಲ್ಪ ಮಣ್ಣು ತಂದು ಬಂದರಿನಲ್ಲಿ ಹಾಕಿತು. ಸದ್ದು ಮಾಡಲಿಲ್ಲ, ಯಾರಿಗೂ ಗಾಯ ಆಗಲಿಲ್ಲ. ಹಡಗುಗಳು ಮೊದಲು ನಿಧಾನ ಬಂದವು, ಆಮೇಲೆ ಸಣ್ಣ ಹಡಗು ಮಾತ್ರ ಬಂದವು, ಆಮೇಲೆ ಬರಲಿಲ್ಲ. ಇವತ್ತು ಆ ನಾಟಕಶಾಲೆಯ ಮುಂದಿನಿಂದ ಅಗಲವಾದ ಕಲ್ಲುಹಾಸಿನ ಬಂದರು ರಸ್ತೆ ಹೊರಡುತ್ತದೆ. ಇಕ್ಕೆಲದಲ್ಲೂ ಕಂಬಗಳು. ಆ ರಸ್ತೆ ನೇರ ಹೋಗಿ ಜವುಗು ನೆಲದಲ್ಲಿ ಮುಗಿಯುತ್ತದೆ. ಸಮುದ್ರ ಅಲ್ಲಿಂದ ಹಲವು ಕಿಲೋಮೀಟರ್ ಆಚೆ ಸರಿದು ಹೋಗಿದೆ.

ಹೂಳು ಅಂದರೇನು ಅಂತ ಉತ್ತರ ಕರ್ನಾಟಕದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುನಿರಾಬಾದ್ ದಾಟುವಾಗ ತುಂಗಭದ್ರಾ ಡ್ಯಾಮ್ ಕಾಣಿಸಿತು. ಟಿಟಿಯಲ್ಲಿದ್ದ ಎಲ್ಲರೂ ಒಮ್ಮೆಲೇ ಕಿಟಕಿಗೆ ಬಂದು, ಹತ್ತೊಂಬತ್ತನೇ ಗೇಟ್ ಯಾವುದು ಅಂತ ಹುಡುಕಿದರು. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಕೊಚ್ಚಿ ಹೋದ ಗೇಟ್. ಆಗ ಎಲ್ಲ ಚಾನೆಲ್‌ಗಳಲ್ಲೂ ಲೈವ್ ಇತ್ತು. ಮಂತ್ರಿಗಳು ಓಡಿ ಬಂದರು, ತಜ್ಞರು ಬಂದರು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ನಿಲ್ಲಿಸಿದರು. ಆ ಕೆಲಸಗಾರರಿಗಾಗಿ ದೇವರಿಗೆ ಸ್ತೋತ್ರ. ಆದರೆ ಅದೇ ಡ್ಯಾಮ್ ಕಟ್ಟಿದಾಗ ಅದರಲ್ಲಿ ಸುಮಾರು 133 ಟಿಎಂಸಿ ನೀರು ನಿಲ್ಲುತ್ತಿತ್ತು. ಈಗ ನಿಲ್ಲುವುದು ಸುಮಾರು 105. ಉಳಿದ ಜಾಗದಲ್ಲಿ ಹೂಳು ಕೂತಿದೆ. ಅದು ಒಂದು ರಾತ್ರಿ ಆದದ್ದಲ್ಲ, ಎಪ್ಪತ್ತು ವರ್ಷ ಹಿಡೀತು. ಅದಕ್ಕೆ ಯಾವ ಚಾನೆಲ್‌ನವರೂ ಕ್ಯಾಮೆರಾ ಹಚ್ಚಿ ಲೈವ್ ಕೊಡಲಿಲ್ಲ. ಮೇಲಿನಿಂದ ನೋಡಿದರೆ ನೀರು ಅಷ್ಟೇ ಚೆಂದ ಕಾಣ್ತದ, ಡ್ಯಾಮ್ ತುಂಬಿದಂತೆಯೇ ಕಾಣ್ತದ.

ನಮ್ಮ ಸಭೆಗಳಲ್ಲಿ ಗೇಟ್ ಮುರಿಯುವ ಭಯ ಇದೆ. ಇಲ್ಲ ಅಂತ ನಾನು ಹೇಳುವುದಿಲ್ಲ. ಬಾಡಿಗೆ ಮನೆ ಕೇಳಲು ಹೋದರೆ, ಒಳಗೆ ಪ್ರಾರ್ಥನೆ ಕೂಟ ಮಾಡ್ತೀರೇನು ಅಂತ ಕೇಳ್ತಾರೆ. ಮನೆಕೂಟಕ್ಕೆ ಬರುವ ತಂಗಿಯರಿಗೆ ತಾಯಂದಿರು ಹತ್ತು ಸಲ ಫೋನ್ ಮಾಡ್ತಾರೆ. ಆ ಭಯಕ್ಕೆ ಕಾರಣ ಇದೆ, ನಾವು ಅದಕ್ಕಾಗಿ ಉಪವಾಸ ಪ್ರಾರ್ಥನೆ ಮಾಡುತ್ತೇವೆ, ಮಾಡಬೇಕು. ಆದರೆ ಪ್ರಕಟನೆ ಎರಡರಲ್ಲಿ ಕರ್ತನು ಎಫೆಸದವರಿಗೆ ಏನು ಹೇಳಿದ? ಹೊರಗಿನವರು ಬಂದು ನಿಮ್ಮ ದೀಪ ಆರಿಸುತ್ತಾರೆ ಅಂತ ಹೇಳಲಿಲ್ಲ. ದೀಪಸ್ತಂಭವನ್ನು ಅದರ ಸ್ಥಳದಿಂದ ತೆಗೆಯುವವನು ನಾನೇ ಅಂತ ಹೇಳಿದ. ಏಳು ದೀಪಸ್ತಂಭಗಳ ನಡುವೆ ತಿರುಗಾಡುವ ಆತನೇ. ನನಗೆ ಈ ವಾಕ್ಯ ಓದಿದಾಗ ಎದೆ ಝಲ್ ಅಂತದ. ದೇಮೇತ್ರಿಯನ ಕೈಯಿಂದ ಆಗದ್ದು ಇದು. ಇಪ್ಪತ್ತೈದು ಸಾವಿರ ಜನ ಎರಡು ತಾಸು ಕೂಗಿದರೂ ಆ ದೀಪ ಅಲುಗಾಡಲಿಲ್ಲ.

ಹಾಗಾದರೆ ಆ ಸಭೆ ಕೆಟ್ಟ ಸಭೆಯಾಗಿತ್ತೇ? ಎರಡು, ಮೂರನೇ ವಚನ ನೋಡ್ರಿ. ಕೆಲಸ ಇತ್ತು, ಶ್ರಮ ಇತ್ತು, ತಾಳ್ಮೆ ಇತ್ತು. ಅಪೊಸ್ತಲರೆಂದು ಹೇಳಿಕೊಂಡು ಬಂದ ಸುಳ್ಳುಗಾರರನ್ನು ಪರೀಕ್ಷಿಸಿ ಹೊರಗೆ ಹಾಕಿದ್ದರು. ನಿಕೊಲಾಯಿತರ ಕೃತ್ಯಗಳನ್ನು ಹಗೆ ಮಾಡಿದರು, ಅದನ್ನು ಕರ್ತನೂ ಮೆಚ್ಚಿದ. ಇಂಥ ಸಭೆ ಹುಬ್ಬಳ್ಳಿಯಲ್ಲಿ ಇದ್ದಿದ್ದರೆ ನಾವೆಲ್ಲ ಹೋಗಿ ಸೇರುತ್ತಿದ್ದೆವು. ನನ್ನ ಮುಂದೆ ಕೂತ ನೀವೂ ಜಾಣರು. ಟಿವಿಯಲ್ಲಿ ಬಂದು ಎಣ್ಣೆ ಬಾಟಲಿ ಮಾರುವವನನ್ನು, ಅದ್ಭುತ ಬೇಕಾದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡು ಅನ್ನುವವನನ್ನು ಎರಡು ನಿಮಿಷದಲ್ಲಿ ಹಿಡೀತೀರಿ. ಒಳ್ಳೆಯದು. ಅದನ್ನು ಬಿಡಬೇಡಿರಿ.

ಆದರೆ ಆ ಸಭೆಯ ಮೊದಲ ದಿನಗಳು ಹೇಗಿದ್ದವು? ಇಪ್ಪತ್ತನೇ ಅಧ್ಯಾಯಕ್ಕೆ ಹೋಗ್ರಿ. ಪೌಲನು ಯೆರೂಸಲೇಮಿಗೆ ಹೋಗುವ ಅವಸರದಲ್ಲಿ ಎಫೆಸಕ್ಕೆ ಹೋಗಲಿಲ್ಲ, ಮಿಲೇತದಲ್ಲಿ ಇಳಿದು ಎಫೆಸದ ಹಿರಿಯರನ್ನು ಕರೆಸಿದ. ಮೂರು ವರ್ಷ ಹಗಲೂ ರಾತ್ರಿ ಕಣ್ಣೀರಿನಿಂದ ಒಬ್ಬೊಬ್ಬರಿಗೂ ಬುದ್ಧಿ ಹೇಳಿದ್ದನ್ನು ಅವರಿಗೆ ನೆನಪಿಸಿದ. ಆಮೇಲೆ ಎಲ್ಲರೂ ಮೊಣಕಾಲೂರಿದರು. ಆ ಹಿರಿಯರು, ದೊಡ್ಡ ಗಂಡಸರು, ಅವನ ಕೊರಳನ್ನು ಅಪ್ಪಿಕೊಂಡು ಅತ್ತರು, ಹಡಗಿನವರೆಗೂ ಕಳಿಸಲು ಹೋದರು. ಅದು ಎಫೆಸದ ಮೊದಲಿನ ಪ್ರೀತಿ. ಬಹಳ ಮಂದಿ ಪಂಡಿತರು ಹೇಳುವ ಲೆಕ್ಕದಲ್ಲಿ ಪ್ರಕಟನೆ ಗ್ರಂಥ ಬಂದದ್ದು ಇದಾದ ಸುಮಾರು ನಲವತ್ತು ವರ್ಷದ ಮೇಲೆ. ನಲವತ್ತು ವರ್ಷ ಅಂದರೆ ಏನು? ಅತ್ತ ಹಿರಿಯರು ಇರಲಿಲ್ಲ, ಅವರ ಮಕ್ಕಳು ಸಭೆ ನಡೆಸುತ್ತಿದ್ದರು. ಸಭೆಯೊಳಗೇ ಹುಟ್ಟಿದ ಮಕ್ಕಳು.

ತಮ್ಮಂದಿರೇ, ತಂಗಿಯರೇ, ಇಲ್ಲಿ ಕೂತವರಲ್ಲಿ ಎಷ್ಟು ಮಂದಿ ಸಭೆಯೊಳಗೇ ಹುಟ್ಟಿದವರು, ಕೈ ಎತ್ತಿರಿ. ನೋಡ್ರಿ, ಮುಕ್ಕಾಲು ಪಾಲು. ನಿಮ್ಮ ತಂದೆ ತಾಯಿ ಯೇಸುವಿನ ಬಳಿ ಬಂದಾಗ ಏನೋ ಕಳಕೊಂಡು ಬಂದರು. ಕೆಲವರು ಕುಡಿತ ಬಿಟ್ಟು ಬಂದರು, ಕೆಲವರಿಗೆ ಮನೆಯವರು ಮಾತು ಬಿಟ್ಟರು. ನಿಮಗೆ ಮಾತ್ರ ವಿಶ್ವಾಸ ಬಂದದ್ದು ಆಧಾರ್ ಕಾರ್ಡಿನಂತೆ, ಮನೆಯಲ್ಲೇ ಇತ್ತು. ಇದು ನಿಮ್ಮ ತಪ್ಪಲ್ಲ, ದೇವರ ದಯೆ. ಆದರೆ ಈ ಪತ್ರ ಮೊದಲು ಬಂದದ್ದು ನಿಮ್ಮಂಥವರಿಗೆ. ಧಾರವಾಡಕ್ಕೆ ಬಾಸೆಲ್ ಮಿಷನ್‌ನವರು ಬಂದದ್ದು 1837ರಲ್ಲಿ. ಹಳೇ ಸಭೆಗಳಲ್ಲಿ ಅಭಿಷೇಕ ಇಲ್ಲ, ಚಪ್ಪಾಳೆ ಇಲ್ಲ ಅಂತ ನಮ್ಮವರು ನಗುವುದನ್ನು ಕೇಳಿದ್ದೇನೆ. ಅವರು ಸುಮಾರು ಇನ್ನೂರು ವರ್ಷದಿಂದ ಈ ನೆಲದಲ್ಲಿ ವಾಕ್ಯ ಹಿಡಿದು ನಿಂತಿದ್ದಾರೆ. ನಮ್ಮ ಸಭೆಗೆ ಇನ್ನೂ ನಲವತ್ತು ತುಂಬಿಲ್ಲ. ನಗುವ ಮೊದಲು ತುಂಬಲಿ.

ಎಫೆಸದ ಬಂದರಿನ ಬಗ್ಗೆ ಇನ್ನೊಂದು ಸಂಗತಿ ಇದೆ. ಇದು ನನಗೆ ಬಹಳ ದಿನದಿಂದ ತಲೆಯಲ್ಲಿ ಕೂತಿದೆ. ಪೌಲನಿಗಿಂತ ಸುಮಾರು ಇನ್ನೂರು ವರ್ಷ ಮೊದಲು, ಪೆರ್ಗಮದ ಅರಸ ಅತ್ತಾಲಸ್ ಆ ಬಂದರನ್ನು ಸರಿ ಮಾಡಲು ಹೊರಟ. ಬಂದರಿನ ಬಾಯಿ ಬಹಳ ಅಗಲ ಇದೆ, ಅದನ್ನು ಸಣ್ಣದು ಮಾಡಿದರೆ ಒಳಗೆ ನೀರು ಆಳ ಆಗುತ್ತದೆ ಅಂತ ಅವನ ಮತ್ತು ಅವನ ಎಂಜಿನಿಯರುಗಳ ಲೆಕ್ಕ. ಗೋಡೆ ಕಟ್ಟಿಸಿದ. ಆದದ್ದೇನು? ಸ್ಟ್ರಾಬೊ ಎಂಬ ಭೂಗೋಳದ ಲೇಖಕ ಬರೆದಿದ್ದಾನೆ: ಮೊದಲು ಸಮುದ್ರದ ನೀರು ಒಳಗೆ ಬಂದು ಹೊರಗೆ ಹೋಗುವಾಗ ಮಣ್ಣನ್ನೂ ಎಳಕೊಂಡು ಹೋಗುತ್ತಿತ್ತು, ಗೋಡೆ ಬಂದ ಮೇಲೆ ಮಣ್ಣೆಲ್ಲ ಒಳಗೇ ಉಳಿದು ಬಂದರು ಇನ್ನಷ್ಟು ಆಳ ಕಳಕೊಂಡಿತು. ಪೌಲನ ಕಾಲಕ್ಕೆ ಹತ್ತಿರ, ನೀರೋ ಚಕ್ರವರ್ತಿಯ ದಿನಗಳಲ್ಲಿ, ಬರೇಯ ಸೊರಾನಸ್ ಎಂಬ ರಾಜ್ಯಪಾಲ ಆ ಬಂದರನ್ನು ಮತ್ತೆ ತೆರೆಸಲು ಕಷ್ಟಪಟ್ಟ. ತಿಮೊಥೆಯನು ಎಫೆಸದಲ್ಲಿ ಸಭೆ ನೋಡಿಕೊಳ್ಳುತ್ತಿದ್ದ ಕಾಲವೂ ಹೆಚ್ಚುಕಡಿಮೆ ಅದೇ. ಊರಿನವರು ಹೂಳಿನ ಮಾತು ಆಡುವುದನ್ನು ಅವನು ಕೇಳಿರಲೇಬೇಕು ಅಂತ ನನಗೆ ಅನ್ನಿಸುತ್ತದೆ.

ಸುಳ್ಳು ಬೋಧಕರನ್ನು ತಡೆಯಲು ಬಾಗಿಲು ಸಣ್ಣದು ಮಾಡಿದ ಸಭೆ ಎಫೆಸದ್ದು. ಮಾಡಲೇಬೇಕಿತ್ತು. ಆದರೆ ಬಾಗಿಲು ಸಣ್ಣದಾದಾಗ ಪ್ರೀತಿಯ ನೀರೂ ಓಡಾಡುವುದು ನಿಂತಿತೇನೋ. ಹೊಸಬರು ಒಳಗೆ ಬರಲಿಲ್ಲ, ಒಳಗಿದ್ದವರು ಹೊರಗಿನ ನೋವಿಗೆ ಹೋಗಲಿಲ್ಲ. ನಮ್ಮ ಯೌವನಸ್ಥರ ಗುಂಪಿಗೆ ಹೊಸಬ ಒಬ್ಬ ಬಂದರೆ ಮೂರು ವಾರ ಯಾರೂ ಅವನ ಪಕ್ಕದಲ್ಲಿ ಕೂಡುವುದಿಲ್ಲ. ನಾಲ್ಕನೇ ವಾರ ಅವನ ಕಿವಿಯೋಲೆ ಬಗ್ಗೆ ಮಾತು ಶುರು.

ಆ ಸಭೆಗೆ ಆಮೇಲೆ ಏನಾಯಿತು ಅಂತ ಕೇಳ್ತೀರಿ. ಅದು ಅವತ್ತೇ ಮುಚ್ಚಿ ಹೋಗಲಿಲ್ಲ. 431ರಲ್ಲಿ ಎಫೆಸದಲ್ಲಿ ದೊಡ್ಡ ಕ್ರೈಸ್ತ ಮಹಾಸಭೆ ನಡೀತು, ಬಿಷಪ್‌ರು ದೇಶದೇಶದಿಂದ ಬಂದರು. ಆರನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಯೋಹಾನನ ಹೆಸರಿನಲ್ಲಿ ಭಾರೀ ದೇವಾಲಯ ಕಟ್ಟಿಸಿದ. ಇವತ್ತು ಎರಡೂ ಪಾಳು. ಅರ್ತೆಮೀಯ ಗುಡಿಯ ಜಾಗದಲ್ಲಿ ಒಂದೇ ಒಂದು ಕಂಬ ಜೋಡಿಸಿ ನಿಲ್ಲಿಸಿದ್ದಾರೆ, ಅದರ ತುದಿಯಲ್ಲಿ ಕೊಕ್ಕರೆ ಗೂಡು ಕಟ್ಟುತ್ತದೆ. ಟೂರ್‌ಗೆ ಹೋದವರು ಎರಡನ್ನೂ ಒಂದೇ ದಿನ ನೋಡಿ ಬರಬಹುದು. ಗುಡಿಯೂ ಕಲ್ಲು, ನಮ್ಮ ದೇವಾಲಯವೂ ಕಲ್ಲು. ಅದಕ್ಕೇ ಆ ತಮ್ಮನಿಗೆ ರೀಲ್ ಬೇಡ ಅಂದದ್ದು. ಅಲ್ಲಿಯ ಕ್ರೈಸ್ತರು ಇಲ್ಲವಾಗಲು ಯುದ್ಧ, ರಾಜಕೀಯ, ವಲಸೆ ಎಲ್ಲ ಕಾರಣ ಇದೆ. ಎಲ್ಲವನ್ನೂ ಅವರ ಪಾಪದ ಖಾತೆಗೆ ಬರೆಯುವ ಅಧಿಕಾರ ನನಗಿಲ್ಲ. ಆದರೆ ಕರ್ತನು ಮುಂಚೆಯೇ ಒಂದು ಮಾತು ಕೇಳಿದ್ದ, ಆ ಮಾತನ್ನು ದಾಟಿ ಹೋಗುವ ಧೈರ್ಯವೂ ನನಗಿಲ್ಲ.

ಆತನು ಕೇಳಿದ್ದು ಐದನೇ ವಚನದಲ್ಲಿದೆ. ಎಲ್ಲಿಂದ ಬಿದ್ದೆ ಅಂತ ನೆನಪು ಮಾಡಿಕೋ, ತಿರುಗಿಕೋ, ಮೊದಲು ಮಾಡುತ್ತಿದ್ದ ಕೆಲಸ ಮಾಡು, ಅದರ ಅರ್ಥ ಇಷ್ಟು. ಇದನ್ನು ಗಮನಿಸಿ: ಮೊದಲಿನ ಪ್ರೀತಿ ಹೋಯಿತು ಅಂತ ಹೇಳಿದ ಕರ್ತನು, ಮೊದಲಿನ ಭಾವನೆ ತರಿಸಿಕೋ ಅಂತ ಹೇಳಲಿಲ್ಲ. ಮೊದಲಿನ ಕೆಲಸ ಮಾಡು ಅಂದ. ನಾವು ಪೆಂತೆಕೋಸ್ತಿನವರು ಪ್ರೀತಿ ತಣ್ಣಗಾಯಿತು ಅಂದರೆ ಏನು ಮಾಡ್ತೀವಿ? ಇನ್ನೊಂದು ವರ್ಷಿಪ್ ನೈಟ್ ಇಡ್ತೀವಿ, ಸೌಂಡ್ ಏರಿಸ್ತೀವಿ. ಹಾಡು ಬೇಕು, ನನಗೂ ಬೇಕು. ಆದರೆ ಹಂಪಿಯಲ್ಲಿ ನಾನು ಕಂಡ ಒಂದು ವಿಷಯ ಹೇಳ್ತೀನಿ. ರಾಜರ ಅರಮನೆ ಹೋಗಿದೆ, ಅವರು ಕಟ್ಟಿಸಿದ ತುರ್ತು ಕಾಲುವೆ ಇವತ್ತೂ ಹರೀತದ. ಬಾಳೆ ತೋಟಗಳಿಗೆ ಅದೇ ನೀರು. ಎಳನೀರು ಮಾರುವ ಒಬ್ಬ ಹಿರಿಯರನ್ನು ಕೇಳಿದೆ, ಇಷ್ಟು ವರ್ಷ ಹೆಂಗ ಉಳೀತ್ರೀ ಇದು ಅಂತ. ಅವರು ನಕ್ಕರು. "ಹೂಳು ತೆಗೀತಾರಲ್ರೀ ಸರ. ತೆಗೀದಿದ್ರ ನೀರು ಯಾಕ ಬರ್ತೈತಿ?" ಅಂದರು. ಅಷ್ಟೇ. ಹತ್ತು ರೂಪಾಯಿ ಚಿಲ್ಲರೆ ಕೊಟ್ಟು ಮುಂದಿನ ಗಿರಾಕಿಗೆ ಹೋದರು.

ಎಫೆಸದವರ ಮೊದಲಿನ ಕೆಲಸ ಯಾವುವು? ಹದಿನೆಂಟನೇ ಅಧ್ಯಾಯದಲ್ಲಿ ಅಪೊಲ್ಲೋಸ ಎಂಬವನು ಬಂದ. ಒಳ್ಳೆಯ ಮಾತುಗಾರ, ಶಾಸ್ತ್ರ ಬಲ್ಲವನು, ಆದರೆ ಅವನ ಬೋಧನೆಯಲ್ಲಿ ಒಂದು ಕೊರತೆ ಇತ್ತು. ಅಕ್ವಿಲ ಮತ್ತು ಪ್ರಿಸ್ಕಿಲ್ಲ ಏನು ಮಾಡಿದರು? ಸಭಾಮಂದಿರದಲ್ಲಿ ಎದ್ದು ನಿಂತು ತಪ್ಪು ಹಿಡಿಯಲಿಲ್ಲ. ಅವನನ್ನು ಕರಕೊಂಡು ಹೋಗಿ ಬಿಡಿಸಿ ಹೇಳಿದರು. ಗುಡಾರ ಹೊಲಿಯುವವರ ಮನೆ, ಊಟ ಹಾಕಿರಬೇಕು. ನೀವು ಇದೇ ಕೆಲಸವನ್ನು ಯೂಟ್ಯೂಬ್ ಕಾಮೆಂಟ್‌ನಲ್ಲಿ ಮಾಡ್ತೀರಿ, ಕೆಳಗೆ ಮೂವತ್ತು ರಿಪ್ಲೈ. ಒಬ್ಬನನ್ನಾದರೂ ಮನೆಗೆ ಕರೆದು ಚಹಾ ಕೊಟ್ಟಿದ್ದೀರಾ? ಪೌಲನು ತುರನ್ನನ ತರ್ಕಶಾಲೆಯಲ್ಲಿ ಎರಡು ವರ್ಷ ದಿನಾ ಬೋಧಿಸಿದ. ಕೆಲವು ಹಳೆಯ ಪ್ರತಿಗಳಲ್ಲಿ ಹೊತ್ತೂ ಬರೆದಿದೆ: ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕು. ಊರೆಲ್ಲ ಉಂಡು ಮಲಗುವ ಹೊತ್ತು. ಬೆಳಿಗ್ಗೆ ತನ್ನ ಕೈಯಾರೆ ದುಡಿದು, ಬಿಸಿಲಲ್ಲಿ ಬೋಧನೆ. ನಮ್ಮದೂ ಬಾಡಿಗೆ ಹಾಲೇ, ಮೇಲೆ ತಗಡು. ಅವನ ಮುಂದೆ ಫ್ಯಾನೂ ಇರಲಿಲ್ಲ.

ಕೊನೆಯದಾಗಿ ಒಂದು ಸಂಗತಿ. ಹೋದ ತಿಂಗಳು ನಮ್ಮ ಗುಂಪಿನ ಒಬ್ಬ ತಮ್ಮನ ತಾಯಿ ಆಸ್ಪತ್ರೆ ಸೇರಿದರು. ರಾತ್ರಿ ಅವನು ಗ್ರೂಪಿನಲ್ಲಿ ಪ್ರಾರ್ಥನೆ ವಿನಂತಿ ಹಾಕಿದ. ಅರ್ಧ ತಾಸಿನಲ್ಲಿ ನಲವತ್ತಕ್ಕೂ ಹೆಚ್ಚು ಕೈಜೋಡಿಸಿದ ಚಿತ್ರ, ಆಮೆನ್, ಆಮೆನ್, ಪ್ರೇಯಿಂಗ್ ಬ್ರೋ. ಮರುದಿನ ಬೆಳಿಗ್ಗೆ ನಾನು ವಾರ್ಡ್‌ಗೆ ಹೋದಾಗ ಒಬ್ಬರು ಆಗಲೇ ಕೂತಿದ್ದರು. ಕೇಶ್ವಾಪುರದಿಂದ ಬಸ್ಸಿನಲ್ಲಿ ಗಂಜಿ ಡಬ್ಬಿ ಹಿಡಿದು ಬಂದ ನಮ್ಮ ಸಭೆಯ ಒಬ್ಬ ದೊಡ್ಡಮ್ಮ. ಅವರ ಹತ್ತಿರ ವಾಟ್ಸ್ಆ್ಯಪ್ ಇಲ್ಲ. ಯಾರು ಹೇಳಿದ್ರವ್ವಾ ನಿಮಗ ಅಂದೆ. "ಹುಡುಗ ರಾತ್ರಿ ಓಣ್ಯಾಗ ಅಳಕೋತ ಹೊಂಟಿದ್ನಪ್ಪ, ನಿಲ್ಲಿಸಿ ಕೇಳಿದೆ," ಅಂದರು. ಆಮೇಲೆ ಅವರು ಆ ತಾಯಿಯ ತಲೆ ಬಾಚಿ ಜಡೆ ಹಾಕಿದರು. ಪಕ್ಕದ ಬೆಡ್ಡಿನಲ್ಲಿ ಬೇರೆ ಧರ್ಮದ ಒಬ್ಬ ಅಜ್ಜಿ ಇದ್ದರು. ಅವರಿಗೂ ಜಡೆ ಹಾಕಿದರು, ಗಂಜಿಯಲ್ಲಿ ಪಾಲು ಕೊಟ್ಟರು.

ಆ ನಲವತ್ತು ಮಂದಿಯ ಪ್ರಾರ್ಥನೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ದೇವರು ಕೇಳಿದ್ದಾನೆ, ಆ ತಾಯಿ ಮನೆಗೆ ಬಂದಿದ್ದಾರೆ, ಸ್ತೋತ್ರ. ಆದರೆ ಮೊದಲಿನ ಕೆಲಸ ಅಂದರೇನು ಅಂತ ಕೇಳುವವರಿಗೆ ನಾನು ಇನ್ನು ಗ್ರೀಕ್ ಪದ ಹುಡುಕಿ ಹೇಳುವುದಿಲ್ಲ, ಆ ಡಬ್ಬಿ ತೋರಿಸ್ತೀನಿ.

ಕೀಬೋರ್ಡ್ ಬ್ರದರ್, ಸಣ್ಣಗೆ ನುಡಿಸ್ರಿ. ಎಲ್ಲರೂ ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ. ಪಕ್ಕದವರನ್ನು ನೋಡಬೇಡ್ರಿ.

ಕರ್ತನೇ, ದೀಪಸ್ತಂಭಗಳ ನಡುವೆ ತಿರುಗಾಡುವಾತನೇ, ಈ ಬಾಡಿಗೆ ಹಾಲಿನಲ್ಲಿಯೂ ತಿರುಗಾಡು. ನಮ್ಮ ತಂದ ತಾಯಂದಿರ ಕಣ್ಣೀರನ್ನು ನೀನು ಮರೆತಿಲ್ಲ. ನಮ್ಮೊಳಗೆ ಎಲ್ಲಿ ಮಣ್ಣು ಕೂತಿದೆ ಅಂತ ನೀನು ತೋರಿಸು. ಹೊಸಬನ ಪಕ್ಕದಲ್ಲಿ ಕೂಡಲು ನಮಗೆ ನಾಚಿಕೆ ಬಿಡಿಸು. ಬರುವುದನ್ನು ನಿಲ್ಲಿಸಿದ ಅಣ್ಣ, ಅಕ್ಕಂದಿರ ಹೆಸರುಗಳನ್ನು ಈಗಲೇ ಒಬ್ಬೊಬ್ಬರ ಮನಸ್ಸಿಗೆ ತಾ. ಹಂಪಿಯ ಬೀದಿಯಲ್ಲಿ, ಹುಬ್ಬಳ್ಳಿಯ ಓಣಿಯಲ್ಲಿ ನಮ್ಮ ನೆರೆಯವರನ್ನು ಗೌರವದಿಂದ ಪ್ರೀತಿಸಲು ಕಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ಕೂತ್ಕೊಳ್ಳಿರಿ, ಎರಡು ಪ್ರಕಟಣೆ. ಯಾರ ಹೆಸರು ಈಗ ಮನಸ್ಸಿಗೆ ಬಂತೋ ಅವರಿಗೆ ಇವತ್ತು ಮೆಸೇಜ್ ಹಾಕಬೇಡ್ರಿ, ಫೋನ್ ಮಾಡ್ರಿ. ಹತ್ತಿರ ಇದ್ದರೆ ಮನೆಗೆ ಹೋಗ್ರಿ. ಬುಧವಾರ ಸಂಜೆ ಏಳಕ್ಕೆ ಆ ತಾಯಿಯ ಮನೆಯಲ್ಲಿ ಪ್ರಾರ್ಥನೆ ಇದೆ. ಅವರು ಇನ್ನೂ ಒಲೆ ಮುಂದೆ ನಿಲ್ಲುವ ಹಾಗಿಲ್ಲ, ಅದಕ್ಕೆ ಅಡುಗೆ ನಾವೇ ತಗೊಂಡು ಹೋಗಬೇಕು. ರೊಟ್ಟಿ ಯಾರು, ಪಲ್ಯ ಯಾರು, ಸಭೆ ಮುಗಿದ ಮೇಲೆ ದೊಡ್ಡಮ್ಮನ ಹತ್ತಿರ ಹೇಳಿ ಹೋಗ್ರಿ. ಅವರು ಬರಕೊಳ್ಳುವುದಿಲ್ಲ, ನೆನಪಿಟ್ಟುಕೊಳ್ತಾರ.